ಡ್ರಿಲ್ ಮೇಷ್ಟ್ರ ಬಿಳಿ ಶೂ

ನಮ್ಮ ಡ್ರಿಲ್ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ನಿಂತರೆ ಮೊದಲು ಕಾಣುತ್ತಿದ್ದದ್ದು ಅವರ ಮೀನಖಂಡ. ಎರಡು ಕಾಲಿಗೂ ಒಂದೊಂದು ಬಾಳೆಮೂತಿ ಕಟ್ಟಿಕೊಂಡಂತೆ ಉಬ್ಬಿರುತ್ತಿತ್ತು. ಪಾದದಲ್ಲಿ ಬೆಳ್ಳಗಿನ ಕ್ಯಾನ್‌ವಾಸ್ ಶೂ. ಪಂಚೆಯ ಕೆಳಗೆ ಶೂ ಹಾಕುವವರು ಬೆಟ್ಟದಪುರದಲ್ಲಿ ಅವರೊಬ್ಬರೇ. ನಾವು ಹುಡುಗಿಯರು ಬೆನ್ನ ಹಿಂದೆ ನಗುತ್ತಿದ್ದೆವು. ಎದುರಿಗೆ ಬಂದರೆ ಮಾತ್ರ ಕೈಗಳು ತಾವಾಗಿ ತೊಡೆಯ ಪಕ್ಕಕ್ಕೆ ಇಳಿದು ಸಾವಧಾನ್ ನಿಂತುಬಿಡುತ್ತಿದ್ದೆವು.

ದಿನಾ ಬೆಳಿಗ್ಗೆ ಬೆಟ್ಟ ಹತ್ತಿ ಇಳಿದ ಮೇಲೆಯೇ ಅವರಿಗೆ ಕಾಫಿ. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಊರೆಲ್ಲ ಹೊಲಕ್ಕೆ ಓಡುವಾಗಲೂ ಅವರು ಬೆಟ್ಟದ ಮೆಟ್ಟಿಲ ಮೇಲೆ. ನನ್ನನ್ನು ಖೋಖೋ ತಂಡಕ್ಕೆ ಸೇರಿಸಿದವರು ಅವರೇ. ಹೆಣ್ಣುಮಗಳು ಊರ ಮುಂದೆ ಓಡುವುದೇ ಎಂದು ಅಪ್ಪ ಸಿಡುಕಿದಾಗ ನಮ್ಮ ಜಗಲಿಯ ಮೇಲೆ ಕೂತು, "ಓಡ್ಲಿ ಬುಡಿ ಗೌಡ್ರೆ, ದೇವ್ರು ಕಾಲು ಕೊಟ್ಟಿರಾದು ಯಾತಕ್ಕೆ" ಎಂದರು. ಆ ಒಂದು ಮಾತಿನಿಂದ ನಾನು ಓಡಿದೆ, ಆಟದ ಕೋಟಾದಲ್ಲಿ ಕಾಲೇಜಿಗೆ ಸೇರಿದೆ, ಫಿಸಿಯೋಥೆರಪಿ ಓದಿ ಪಿರಿಯಾಪಟ್ಟಣದಲ್ಲಿ ಕೆಲಸಕ್ಕೆ ಕೂತೆ.

ಅವರಿಗೆ ಎಪ್ಪತ್ತು ದಾಟಿದಾಗ ಒಮ್ಮೆ ಧೈರ್ಯ ಮಾಡಿ ಹೇಳಿದ್ದೆ. "ಬೆಟ್ಟ ಹತ್ತೋದು ಎದೆಗೆ ಒಳ್ಳೇದು ಮೇಷ್ಟ್ರೇ. ಈ ವಯಸ್ಸಲ್ಲಿ ಅದೊಂದೇ ಸಾಲಲ್ಲ. ಕೈ ಊರದೆ ಕುರ್ಚಿಯಿಂದ ಕೂತು ಏಳಿ, ಒಂದಿಷ್ಟು ಭಾರ ಎತ್ತಿ, ಒಂಟಿ ಕಾಲಲ್ಲಿ ನಿಲ್ಲೋ ಅಭ್ಯಾಸ ಮಾಡಿ."

"ಕೊಕ್ಕರೆ ಥರ ನಿಂತ್ಕೊಂಡು ನಾನೇನು ಮೀನು ಹಿಡೀಬೇಕೇನವ್ವ?" ಎಂದು ನಕ್ಕರು. ನಾನೂ ನಕ್ಕೆ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಅಷ್ಟು ವರ್ಷ ಬೆಟ್ಟದಲ್ಲಿ ಒಮ್ಮೆಯೂ ಎಡವದವರು ತಮ್ಮ ನಡುಮನೆಯಲ್ಲಿ ಬಿದ್ದರು. ಯಾರದೋ ಮದುವೆಗೆಂದು ಪ್ಯಾಂಟು ಹಾಕಿಕೊಳ್ಳಲು ಒಂಟಿ ಕಾಲಲ್ಲಿ ನಿಂತಿದ್ದರಂತೆ. ಬಲ ಮೊಣಕಾಲ ಕೆಳಗೆ ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆ ಬೇಡವೆಂದು ರಾವಂದೂರು ಕಡೆಯಿಂದ ಮೂಳೆ ಕಟ್ಟುವವರನ್ನು ಕರೆಸಿದರು. ಅವರು ಬಿದಿರ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿ, "ಮೂರು ತಿಂಗ್ಳು ಈ ಕಾಲು ಅಲ್ಲಾಡ್ಸಂಗಿಲ್ಲ" ಎಂದು ಹೇಳಿ ಹೋದರು.

ಎರಡನೆಯ ವಾರ ನೋಡಲು ಹೋದೆ. ಮೇಷ್ಟ್ರು ಮಂಚದ ಮೇಲೆ ಎರಡೂ ಕಾಲು ಜೋಡಿಸಿ, ಕೈಗಳನ್ನು ಪಕ್ಕಕ್ಕಿಟ್ಟು ಕೊರಡಿನಂತೆ ಮಲಗಿದ್ದರು. ಮಗ್ಗುಲಾಗಲೂ ಒಪ್ಪುತ್ತಿಲ್ಲ, ತುತ್ತನ್ನೂ ನಾನೇ ತಿನ್ನಿಸುತ್ತಿದ್ದೇನೆ ಎಂದು ಅವರ ಹೆಂಡತಿ ಕಣ್ಣೊರೆಸಿಕೊಂಡರು. ಆ ವಯಸ್ಸಿನಲ್ಲಿ ಹಾಗೆ ಮಲಗಿದರೆ ಮೂಳೆ ಕೂಡುವಷ್ಟರಲ್ಲಿ ತೊಡೆ ಕರಗಿರುತ್ತದೆ, ಆಮೇಲೆ ಮನುಷ್ಯ ಏಳುವುದು ಕಷ್ಟ.

"ಮೇಷ್ಟ್ರೇ, ಅವ್ರು ಹೇಳಿದ್ದು ಒಂದು ಕಾಲು ಮಾತ್ರ. ಇನ್ನೊಂದು ಕಾಲು ಎತ್ತಿ ಇಳಿಸಿ, ಕೈ ಆಡಿಸಿ."

"ಸಾವಧಾನ್ ಅಂದ್ಮೇಲೆ ಒಂದ್ ಕಾಲು ನಿಂತು ಇನ್ನೊಂದು ಕುಣೀತದೇನವ್ವ? ಹೇಳಿದ್ದ ಹೇಳ್ದಂಗೆ ಮಾಡ್ಬೇಕು."

ಶಾಲೆಯಲ್ಲಿ ಸಾವಿರ ಸಲ ಕೇಳಿದ ಮಾತು. ಬೇರೆ ಯಾವ ಮುದುಕರಾಗಿದ್ದರೂ ನಾನು ಜಗಳವಾಡಿ ಕಾಲೆತ್ತಿಸುತ್ತಿದ್ದೆ. ಇವರು ನನ್ನ ಮೇಷ್ಟ್ರು. ತಂದಿದ್ದ ಕಿತ್ತಳೆಹಣ್ಣು ಕಿಟಕಿಯಲ್ಲಿಟ್ಟು ಬಸ್ಸು ಹತ್ತಿದೆ.

ಕಟ್ಟು ಬಿಚ್ಚಿದ ದಿನ ಮೂಳೆ ಚೆನ್ನಾಗಿ ಕೂಡಿತ್ತು. ಕಟ್ಟಿಲ್ಲದ ಕಾಲಿನ ಮೀನಖಂಡವೂ ಜೋತು ಬಿದ್ದಿತ್ತು. ಇಬ್ಬರು ಹಿಡಿದು ನಿಲ್ಲಿಸಿದರೆ ತೊಡೆ ಗಡಗಡ ನಡುಗಿ ಕುಸಿದರು. ಆಮೇಲೆ ನಾನು ಹೇಳಿದ್ದನ್ನೆಲ್ಲ ತಪ್ಪದೆ ಮಾಡಿದರು ಪಾಪ, "ಒಂದ್, ಎರಡ್" ಎಂದು ತಾವೇ ಎಣಿಸಿಕೊಂಡು. ಪ್ರತಿ ಭಾನುವಾರ ಹೋಗುತ್ತಿದ್ದೆ. ಕಾಲು ಹಾಸಿಗೆಯಿಂದ ಒಂದು ಗೇಣೂ ಮೇಲೆ ಬರಲಿಲ್ಲ. ನಾಡಿ ಹಿಡಿದರೆ ಮಾತ್ರ ಓಟಗಾರನ ನಾಡಿ, ನಿಧಾನ, ಗಟ್ಟಿ. ಆ ಎದೆ ಅವರನ್ನು ಎರಡು ವರ್ಷ ಮಂಚದ ಮೇಲೆ ಬದುಕಿಸಿತು. ಬೆಳಿಗ್ಗೆ ಬೆಟ್ಟ ಹತ್ತುವ ಹೊತ್ತಾದರೆ ಹೆಂಡತಿಯ ಕೈಲಿ ಶೂ ಹಾಕಿಸಿಕೊಂಡು ಮಲಗಿರುತ್ತಿದ್ದರು. ಅದನ್ನು ನೋಡಲಾಗುತ್ತಿರಲಿಲ್ಲ.

ಕೊನೆಯ ಭಾನುವಾರ ನನ್ನ ಮಣಿಕಟ್ಟು ಹಿಡಿದುಕೊಂಡು ಹೇಳಿದರು. "ನೀನು ಅವತ್ತು ನನ್ನ ಬಯ್ಬೇಕಾಗಿತ್ತು ಕಣವ್ವ."

"ನಿಮ್ಮನ್ನ ಹೆಂಗೆ ಬಯ್ಯಾದು ಮೇಷ್ಟ್ರೇ?"

"ಯಾಕೆ, ನಾನು ಬಯ್ದಿರಲಿಲ್ವಾ ನಿನ್ನ?"

ಕಳೆದ ಆಷಾಢದ ಒಂದು ಬೆಳಿಗ್ಗೆ ಹೋಗಿಬಿಟ್ಟರು. ನಾನು ತಲುಪಿದಾಗ ಕಾಲಲ್ಲಿ ಶೂ ಹಾಗೇ ಇತ್ತು. "ನೀನೇ ಬಿಚ್ಚವ್ವ, ನನ್ ಕೈಲಾಗಕ್ಕಿಲ್ಲ" ಎಂದರು ಅವರ ಹೆಂಡತಿ. ಲೇಸು ಸಡಿಲಿಸಿ ಎಳೆದೆ. ಅಟ್ಟೆಯಲ್ಲಿ ಒಂದು ಚೂರು ಮಣ್ಣಿರಲಿಲ್ಲ. ಈಗ ನನ್ನ ಹತ್ತಿರ ಬರುವ ಹಿರಿಯರನ್ನು ಯಾರ ಮುಲಾಜಿಲ್ಲದೆ ಬಯ್ಯುತ್ತೇನೆ, ಅವರು ಎದ್ದು ನಡೆಯುತ್ತಾರೆ. ಅವತ್ತು ಮಾತ್ರ ಶೂಗಳನ್ನು ಜೋಡಿಸಿಟ್ಟು ಮಂಚದ ಪಕ್ಕ ಎದ್ದು ನಿಂತೆ. ಏನೋ ಹೇಳಬೇಕೆಂದು ಬಾಯಿ ತೆರೆದೆ. ಕೈಗಳೆರಡೂ ಆಗಲೇ ತೊಡೆಯ ಪಕ್ಕಕ್ಕೆ ಇಳಿದಿದ್ದವು.