ಕಲ್ಲು ನೆಕ್ಕುವ ಅಕ್ಕೋರು

ನೀಲಕ್ಕೋರು ಯಾವ ಕಲ್ಲು ಸಿಕ್ಕರೂ ಮೊದಲು ಸೆರಗಿನಿಂದ ಒರೆಸುತ್ತಿದ್ದರು, ಆಮೇಲೆ ನೆಕ್ಕುತ್ತಿದ್ದರು. ಗಡಹಿಂಗ್ಲಜದ ಶಾಲೆಯಲ್ಲಿ ನಮಗೆ ಭೂಗೋಳ ಕಲಿಸಿದವರು ಅವರು. ಪುಸ್ತಕದ ಪಾಠ ಮರಾಠಿಯಲ್ಲಿ, ಬೈಗುಳವೂ ಉಳಿದ ಮಾತೂ ಕನ್ನಡದಲ್ಲಿ. ನಾವು ಮುಖ ಕಿವುಚಿದರೆ, “ನಗೋರು ನಗ್ರಿ. ಹಸಿ ಆದ್ರ ಕಲ್ಲು ತನ್ನ ಖರೇ ಬಣ್ಣ ತೋರಸ್ತೈತಿ. ನಾಲಿಗಿಗೆ ಅಂಟಿದ್ರ ಒಳಗ ಜೇಡಿಮಣ್ಣೈತಿ ಅಂತ ತಿಳೀರಿ” ಎನ್ನುತ್ತಿದ್ದರು.

ಒಮ್ಮೆ ನಮ್ಮನ್ನು ಶಿರೋಳಿಯ ಫೌಂಡ್ರಿಗೆ ಕರೆದೊಯ್ದರು. ಕರಗಿದ ಕಬ್ಬಿಣದ ಮೇಲೆ ಕಿಟ್ಟ ತೇಲುತ್ತಿತ್ತು. “ಹಗುರಾದ್ದು ಮ್ಯಾಲ, ಭಾರಾದ್ದು ತಳಕ್ಕ. ಭೂಮಿ ಒಳಗ ಕರಗಿದ ಕಲ್ಲು ಸಾವಕಾಶ ಆರಿದ್ರ, ಒಮ್ಮೊಮ್ಮೆ ಹಿಂಗ ಲೋಹ ತಳಕ್ಕ ಕೂಡತೈತಿ. ಅದನ್ನ ಅಗದು ತಗೀತಾರ” ಎಂದರು. ಅಷ್ಟಕ್ಕೆ ಬಿಟ್ಟರೇ? ಮೂಲೆಯಲ್ಲಿ ಬಿದ್ದಿದ್ದ ತಣ್ಣಗಿನ ಕಿಟ್ಟದ ತುಂಡನ್ನೂ ನೆಕ್ಕಿದರು. ಸೂಪರ್‌ವೈಸರ್ “ಅಹೋ ಬಾಯಿ, ಕಾಯ ಕರತಾ! ಏನ್ ಮಾಡಾಕತ್ತೀರಿ!” ಎಂದು ಓಡಿ ಬಂದ.

ಈಚೆಗೆ ಹಲಕರ್ಣಿಯ ನಮ್ಮ ಹೊಲದಲ್ಲಿ ಬಾವಿ ತೋಡಿಸುವಾಗ ಕಲ್ಲಿನೊಳಗೆ ಹೊಳೆಯುವ ಹರಳು ಬಂದವು. ಊರವರು ನಮ್ಮ ನಸೀಬು ತೆರೆಯಿತೆಂದರು. ಅಪ್ಪನಿಗೆ ನಿದ್ದೆ ಹಾರಿಹೋಯಿತು. ಮೇಲಿನ ಗುಡ್ಡದಲ್ಲಿ ಅಲ್ಯೂಮಿನಿಯಂ ಅದಿರು ಸಿಕ್ಕಿ, ಸುತ್ತಲಿನ ಹೊಲಗಳು ಗಣಿಗೆ ಹೋಗಿದ್ದವು. “ಇನ್ನ ಹೊಲ ಕಳಕೊಳ್ಳೂದು ನಮ್ಮ ಪಾಳಿ” ಎಂದವನೇ ಅಪ್ಪ ಕಬ್ಬು ಹಚ್ಚುವುದನ್ನೇ ನಿಲ್ಲಿಸಿಬಿಟ್ಟ. ನಾನು ನಿವೃತ್ತರಾಗಿದ್ದ ಅಕ್ಕೋರಿಗೆ ಹರಳಿನ ಫೋಟೋ ಕಳಿಸಿದೆ. ಕೂಡಲೇ ಫೋನು ಬಂತು.

“ಫೋಟೋ ಏನ್ ನೆಕ್ಕಲೇನು? ನಾನಽ ಬರ್ತೇನಿ.”

ಮರುದಿನ ಬೆಳಗಿನ ಬಸ್ಸಿಗೆ ಬಂದರು. ಬಾವಿಯ ಪಕ್ಕದ ಕಲ್ಲಿನ ರಾಶಿಯ ಮೇಲೆ ಕುಳಿತು ಒಂದು ತುಂಡು ಒರೆಸಿದರು, ನೆಕ್ಕಿದರು. ಅಪ್ಪ ಅವರ ಬಾಯನ್ನೇ ನೋಡುತ್ತಿದ್ದ.

“ಏನೂ ಇಲ್ಲರೀ.”

“ಖರೇನ್ರೀ ಅಕ್ಕೋರ?”

“ನಮ್ಮ ಕಡೀ ಜ್ವಾಲಾಮುಖಿ ರಸ ಭಾಳ ಗಡಿಬಿಡೀದು. ಬಿರುಕಿನ್ಯಾಗಿಂದ ಮ್ಯಾಲ ಬಂತು, ಹರೀತು, ಆರಿ ಕರಿಕಲ್ಲಾತು. ಲೋಹ ಒಂದ ಕಡೆ ಕೂಡಾಕ ಟೈಮ ಎಲ್ಲಿ ಸಿಗಬೇಕು? ಐತಿ, ಆದ್ರ ಸಾರಿನ್ಯಾಗ ಉಪ್ಪಿದ್ದಂಗ. ಆರಿಸಿ ತಗ್ಯಾಕ ಬರಂಗಿಲ್ಲ.”

“ಮತ್ತ ಗುಡ್ಡದಾಗ ಹೆಂಗ ಸಿಕ್ತರಿ?”

“ಅಲ್ಲಿ ಇದಽ ಕಲ್ಲು ಮಳ್ಯಾಗ ತೊಳದು ತೊಳದು, ಬಾಕೀದೆಲ್ಲಾ ಹೋಗಿ ಅಲ್ಯೂಮಿನಿಯಂ ಮಣ್ಣು ಉಳೀತು. ಅದು ಕೆಂಪು, ನಾಲಿಗಿಗೆ ಅಂಟತೈತಿ. ನಿಮ್ಮದು ಅಂಟಂಗಿಲ್ಲ. ಈ ಹರಳು, ಕಲ್ಲಿನ ಗುಳ್ಳ್ಯಾಗ ಬಿಸಿನೀರು ಹೊಕ್ಕು ಕಟ್ಟಿದ್ದು. ಶೋಕೇಸಿಗೆ ಛಲೋ. ನೀವು ಕಬ್ಬು ಹಚ್ರಿ.”

ತನ್ನ ನೆಲದಲ್ಲಿ ಏನೂ ಇಲ್ಲವೆಂದು ಕೇಳಿ ಅಷ್ಟು ಖುಷಿಪಟ್ಟವರನ್ನು ನಾನು ಬೇರೆ ನೋಡಿಲ್ಲ. ಅಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಕಣ್ಣೀರು ಬರುವಷ್ಟು ನಕ್ಕ. ಅಕ್ಕೋರು ಎರಡು ರೊಟ್ಟಿ ತಿಂದು, ಬೆಲ್ಲದ ಪೆಂಟೆ ಹಿಡಿದು, ಸಂಜೆ ಬಸ್ಸು ಹತ್ತಿದರು. ನಾವು ಅವರನ್ನು ನೋಡಿದ್ದು ಅದೇ ಕೊನೆ. ಆ ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡರು.

ಮೊನ್ನೆ ಬೇಲಿಯ ಗುಂಡಿ ತೋಡುವಾಗ ಮತ್ತೊಂದು ಹೊಳೆಯುವ ಕಲ್ಲು ಸಿಕ್ಕಿತು. ಸುತ್ತ ಎದೆಯುದ್ದ ಕಬ್ಬು ಬೆಳೆದಿತ್ತು. ಅಪ್ಪ ಅದನ್ನು ಧೋತರಕ್ಕೆ ಒರೆಸಿ, ನೆಕ್ಕಿ, ಥೂ ಎಂದು ಉಗುಳಿದ. ಆಮೇಲೆ ಬಸ್ಸು ಬರುವ ದಾರಿಯ ಕಡೆ ತಿರುಗಿ ಹೇಳಿದ: “ಏನೂ ಇಲ್ಲರೀ, ಅಕ್ಕೋರ.”