ಕುರ್ಚಿಯ ಹಿಂದೆ ನಿಂತು ಮಾತಾಡುವ ಮನುಷ್ಯ

ಆ ಬೀದಿಯಲ್ಲಿ ಕ್ಷೌರದಂಗಡಿ ಇದ್ದದ್ದು ಒಂದೇ. ಮನಸ್ಸಿನ ಕಷ್ಟ ಹೇಳಿಕೊಳ್ಳುವ ಕೋಣೆ ಇದ್ದದ್ದೂ ಒಂದೇ. ಅಂಗಡಿಗೆ ಇಪ್ಪತ್ತೆಂಟು ವರ್ಷ, ಕೋಣೆಗೆ ಏಳು ತಿಂಗಳು. ಔಷಧಿ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಸಂಬಳಕ್ಕೆ ಕೂರುತ್ತಿದ್ದ ಯುವಕನನ್ನು ಜನ ‘ಡಾಕ್ಟ್ರು’ ಎನ್ನುತ್ತಿದ್ದರು. ತಾನು ಡಾಕ್ಟರಲ್ಲ, ಬರೀ ಆಪ್ತಸಲಹೆಗಾರ ಎಂದು ಅವನು ಮೊದಲ ತಿಂಗಳು ಎಲ್ಲರನ್ನೂ ತಿದ್ದಿದ. ಎರಡನೇ ತಿಂಗಳು ಗಟ್ಟಿಯಾಗಿ ಕರೆದವರನ್ನಷ್ಟೇ ತಿದ್ದಿದ. ಮೂರನೇ ತಿಂಗಳಿಂದ ಜ್ವರದ ಮಾತ್ರೆ ಕೇಳಿದವರನ್ನು ಮಾತ್ರ ತಿದ್ದುತ್ತಿದ್ದ.

ಕ್ಷೌರದಂಗಡಿಯವರನ್ನು ಬೀದಿಗೆ ಬೀದಿಯೇ ‘ಅಣ್ಣ’ ಎಂದು ಕರೆಯುತ್ತಿತ್ತು, ಅವರಿಗಿಂತ ಹತ್ತು ವರ್ಷ ದೊಡ್ಡವರು ಕೂಡ. ಒಂದು ಬೆಳಿಗ್ಗೆ ಅಣ್ಣ ಮೆಟ್ಟಿಲೇರಿ ಬಂದಾಗ, ತಾನು ಅಂಗಡಿಯಲ್ಲಿ ಮರೆತಿದ್ದ ಛತ್ರಿ ಕೊಡಲು ಬಂದಿದ್ದಾರೆ ಎಂದೇ ಆಪ್ತಸಲಹೆಗಾರ ಕೈ ಚಾಚಿದ. ಅಣ್ಣ ಆ ಕೈಯನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಕೂತರು. ಆಮೇಲೆ ಮುಕ್ಕಾಲು ಗಂಟೆ ತುಟಿ ಪಿಟಕ್ಕೆನ್ನಲಿಲ್ಲ.

ಎರಡನೇ ಸಲವೂ ಅಷ್ಟೇ. ಎದುರುಬದುರು ಇಡಬೇಡಿ, ತುಸು ಓರೆಯಾಗಿಡಿ ಎಂದು ಪಾಠ ಹೇಳಿಕೊಟ್ಟಂತೆಯೇ ಇಟ್ಟ ಎರಡು ಕುರ್ಚಿಗಳು. ಮೌನ ಒಳ್ಳೆಯದು ಎಂದೂ ಪಾಠದಲ್ಲಿತ್ತು. ಎಷ್ಟು ಹೊತ್ತು ಎಂಬುದು ಮಾತ್ರ ಇರಲಿಲ್ಲ. ಅಣ್ಣ ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಬೇರೆಯವರ ಮಗುವನ್ನು ಕೂರಿಸಿಕೊಂಡವರಂತೆ, ತೊಡೆಯ ಮೇಲಿಟ್ಟುಕೊಂಡಿದ್ದರು. ಅಂಗಡಿಯಲ್ಲಿ ಬಾಯಿಗೆ ಬೀಗವೇ ಇಲ್ಲದ ಈ ಮನುಷ್ಯನಿಗೆ ಇಲ್ಲಿ ಏನಾಗುತ್ತದೆ? ಆಪ್ತಸಲಹೆಗಾರನಿಗೆ ನಿಜವಾಗಿ ಕುತೂಹಲ ಹುಟ್ಟಿದ್ದು ಆಗಲೇ. ಅದುವರೆಗೆ ಇದ್ದದ್ದು ಬರೀ ಗಾಬರಿ.

ಮೂರನೇ ಸಲ ಅಣ್ಣ ಎದ್ದರು. ಹೊರಟೇ ಹೋದರು ಎಂದುಕೊಂಡರೆ, ಅವನ ಕುರ್ಚಿಯ ಹಿಂದೆ ಬಂದು ನಿಂತರು. ಎದುರಿನ ಕಿಟಕಿಯ ಗಾಜಿನಲ್ಲಿ ಇಬ್ಬರೂ ಮಸುಕಾಗಿ ಕಂಡರು. ಆ ಗಾಜಿನೊಳಗಿನವನಿಗೆ ಅಣ್ಣ ಹೇಳಿದರು: “ಸಾರ್, ಮೇಷ್ಟ್ರು ನನ್ನ ಕೈಯಲ್ಲೇ ಹೋದ್ರು.”

ಇಪ್ಪತ್ತೆಂಟು ವರ್ಷ ಅಣ್ಣ ಯಾರ ಮುಖ ನೋಡಿಯೂ ಮಾತಾಡಿದವರಲ್ಲ. ಹಿಂದೆ ನಿಂತು, ಕನ್ನಡಿಗೆ ಮಾತಾಡಿದವರು. ಅವರ ಕಸುಬಿನಲ್ಲಿ ಮಾತಿನ ದಾರಿಯೇ ಅದು. ಇದು ಹೊಳೆದದ್ದೇ ಆಪ್ತಸಲಹೆಗಾರ ಕುರ್ಚಿಯಲ್ಲಿ ನೆಟ್ಟಗೆ ಕೂತು, ಅಭ್ಯಾಸಬಲದಿಂದ ತಲೆಯನ್ನೂ ಸ್ವಲ್ಪ ಬಗ್ಗಿಸಿದ.

“ನಿವೃತ್ತರಾದ ಮೇಲೂ ದಿನ ಬಿಟ್ಟು ದಿನ ಶೇವಿಂಗಿಗೆ ಬರೋರು. ಕತ್ತಿ ತಾಗಿದ ಕೂಡಲೇ ನಿದ್ದೆ ಮಾಡೋರು. ಅವತ್ತೂ ನಿದ್ದೆ ಅಂದ್ಕೊಂಡೆ. ಒಂದು ಕೆನ್ನೆ ಮುಗಿಸಿದೆ, ಇನ್ನೊಂದೂ ಮುಗಿಸಿದೆ, ಗಂಟಲೂ ಆಯ್ತು. ಮುಖ ಒರೆಸಿ ‘ಆಯ್ತು ಮೇಷ್ಟ್ರೇ, ಏಳಿ’ ಅಂದೆ.” ಅಣ್ಣ ಬಲಗೈಯನ್ನು ಅಂಗಿಗೆ ಒರೆಸಿಕೊಂಡರು. “ಹೃದಯ ನಿಂತಿತ್ತಂತೆ. ಮನೆಯವರು ಒಂದು ಮಾತೂ ಆಡಲಿಲ್ಲ, ಪುಣ್ಯಾತ್ಮರು. ಆದ್ರೆ ಅವತ್ತಿಂದ ಕತ್ತಿ ಗದ್ದದ ಕೆಳಗೆ ಹೋದ್ರೆ ಕೈ ನಡುಗುತ್ತೆ ಸಾರ್. ಶೇವಿಂಗ್ ಅಂತ ಬಂದವರಿಗೆ ಬ್ಲೇಡ್ ಮುಗಿದಿದೆ ಅಂತೀನಿ. ಒಂದು ತಿಂಗಳಿಂದ ಬ್ಲೇಡ್ ಮುಗಿದಿದೆ ಅಂದ್ರೆ ಯಾರು ನಂಬ್ತಾರೆ? ನೊರೆ ಬಟ್ಟಲು ಬೋರಲು ಹಾಕಿಟ್ಟಿದ್ದೀನಿ. ಹೀಗೇ ಆದ್ರೆ ಅಂಗಡಿಗೂ ಬಾಗಿಲು ಹಾಕೋದೇ.”

ಆಪ್ತಸಲಹೆಗಾರ ಅವತ್ತು ಒಳ್ಳೆಯ ಕೆಲಸ ಮಾಡಿದ. ಕೇಳಿಸಿಕೊಂಡ. ಸಂಜೆ ಫೈಲು ಬರೆಯುವಾಗ ಮಾತ್ರ ಕೆಟ್ಟ ಕೆಲಸ ಮಾಡಿದ: ನಿಯಮ ನೆನಪಿಸಿಕೊಂಡ. ಸಲಹೆಗೆ ಬರುವವರ ಜೊತೆ ಬೇರೆ ವ್ಯವಹಾರ ಇಟ್ಟುಕೊಳ್ಳಬಾರದು. ಅಲ್ಲಿಗೆ ಅಣ್ಣನ ಅಂಗಡಿಯಲ್ಲಿ ಇನ್ನು ಅವನಿಗೆ ಕ್ಷೌರವಿಲ್ಲ. ನಿಯಮ ಪಾಲಿಸಿದ ಹೆಮ್ಮೆಯಲ್ಲಿ ಅವನು ಆ ರಾತ್ರಿ ಎರಡು ತುತ್ತು ಹೆಚ್ಚೇ ಉಂಡ.

ಕೂದಲಿಗೆ ನಿಯಮ ಗೊತ್ತಿಲ್ಲ. ಮೊದಲು ಕಿವಿ ಮುಚ್ಚಿತು, ಆಮೇಲೆ ಕಾಲರು. ಅವನಿದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕನ ಬಾಯಿ ಕತ್ತರಿಗಿಂತ ಹರಿತ.

“ಏನೋ ಇದು ತಲೆ? ಕಾಗೆ ಬಂದು ಬಾಡಿಗೆ ಎಷ್ಟು ಅಂತ ಕೇಳುತ್ತೆ.”

“ಪುರುಸೊತ್ತಿಲ್ಲ ಅಕ್ಕ.”

“ಪುರುಸೊತ್ತಿಲ್ಲವಂತೆ! ಕೂತ ಕಡೆ ಕೂತಿರೋದೇ ನಿನ್ನ ಕೆಲಸ. ಅಲ್ಲೂ ಹಾಗೇ ಕೂತ್ಕೊಂಡ್ರಾಯ್ತು.”

ಭಾವ ಪೇಪರಿನಿಂದ ತಲೆ ಎತ್ತಿದರು. “ಇವನು ಅಣ್ಣನ ಅಂಗಡಿಗೆ ಹೋಗೋದು ಬಿಟ್ಟಿದ್ದಾನೆ ಅಂತ ಬೀದಿಗೆಲ್ಲ ಗೊತ್ತು ಮಾರಾಯ್ತಿ. ಪಾಪ, ಆ ಮನುಷ್ಯ ಶೇವಿಂಗ್ ನಿಲ್ಲಿಸಿದ್ದಾನೆ. ಅದರ ಮೇಲೆ ಮನಸ್ಸು ಓದೋ ಡಾಕ್ಟ್ರೇ ಆ ಕಡೆ ತಲೆ ಹಾಕಲ್ಲ ಅಂದ್ರೆ ಏನೋ ಇರಬೇಕು ಅಂತ ಜನ. ಕತ್ತರಿ ಕೆಲಸಕ್ಕೂ ಈಗ ಯಾರೂ ಹೋಗ್ತಿಲ್ಲವಂತೆ. ನಾನೂ ಹೋಗಿಲ್ಲಪ್ಪ, ಸುಳ್ಳು ಯಾಕೆ ಹೇಳಲಿ. ಇರೋದು ಒಂದೇ ಕುತ್ತಿಗೆ.”

ಅವನು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಅಣ್ಣ ತನ್ನ ಬಳಿ ಬರುತ್ತಾರೆಂದು ಬಾಯಿ ಬಿಡುವಂತಿಲ್ಲ. ಹೇಳದಿದ್ದರೆ ಅವನ ತಲೆಯೇ ‘ಆ ಅಂಗಡಿಗೆ ಹೋಗಬೇಡಿ’ ಎಂದು ಬೀದಿಯಲ್ಲಿ ಸಾರಿಕೊಂಡು ಓಡಾಡುತ್ತದೆ. ಕಾಪಾಡಲು ಹೋಗಿ ಅಣ್ಣನ ಅಂಗಡಿಗೆ ತಾನೇ ಬೀಗ ಜಡಿಯುತ್ತಿದ್ದ, ಅದೂ ಪುಸ್ತಕದ ಪ್ರಕಾರ.

ಮರುದಿನ ತನ್ನ ಕೆಲಸಕ್ಕೆ ಮಾರ್ಗದರ್ಶನ ಮಾಡುತ್ತಿದ್ದ ಹಿರಿಯ ಮೇಡಂಗೆ ಫೋನ್ ಮಾಡಿದ. ಹೆಸರು ಹೇಳದೆ ಕಥೆ ಹೇಳಿದ. ಮೇಡಂ ಮೊದಲು ಚೆನ್ನಾಗಿ ನಕ್ಕರು.

“ನಿಯಮ ಇರೋದು ಯಾಕಪ್ಪ?”

“ನಮ್ಮ ಜೊತೆ ಬೇರೆ ಸಂಬಂಧ ಇದ್ರೆ ಅವರಿಗೆ ತೊಂದರೆ ಆಗಬಾರದು ಅಂತ, ಮೇಡಂ.”

“ಈಗ ತೊಂದರೆ ಯಾವುದರಿಂದ ಆಗ್ತಿದೆ?”

ಅವನು ಕಾಲರಿಗೆ ತಾಗುತ್ತಿದ್ದ ಕೂದಲನ್ನು ಸವರಿಕೊಂಡ.

“ಊರಲ್ಲಿ ಹತ್ತು ಅಂಗಡಿ ಇದ್ದಿದ್ರೆ ಬೇರೆ ಮಾತು. ಇರೋದು ಒಂದೇ. ಹಾಗಂತ ಓಡಿಹೋಗಿ ಕುರ್ಚೀಲಿ ಕೂತುಬಿಡಬೇಡ. ನನ್ನನ್ನೇನೋ ಕೇಳಿದೆ ಸರಿ. ಅವರನ್ನ ಕೇಳಿದ್ಯಾ?”

ಕೇಳಿರಲಿಲ್ಲ. ಇಷ್ಟು ದಿನ ಅವರ ಒಳಿತನ್ನು ಅವರನ್ನು ಬಿಟ್ಟು ಉಳಿದೆಲ್ಲದರ ಹತ್ತಿರ ವಿಚಾರಿಸಿದ್ದ.

ಅಣ್ಣ ಬಂದು ಎಂದಿನಂತೆ ಕುರ್ಚಿಯ ಹಿಂದೆ ನಿಂತಾಗ ಅವನು ಗಾಜಿಗೆ ಎಲ್ಲವನ್ನೂ ಬಿಡಿಸಿ ಹೇಳಿದ. ಯಾಕೆ ಬರುವುದು ಬಿಟ್ಟ, ನಿಯಮ ಏನು, ತಾನು ಮಾಡಿದ ತಪ್ಪೇನು.

“ಓ, ಅದಕ್ಕಾ!” ಅಣ್ಣನ ಭುಜ ಇಳಿಯಿತು. “ನಿಮಗೂ ನನ್ನ ಕೈ ಕಂಡ್ರೆ ಭಯ ಅಂದ್ಕೊಂಡಿದ್ದೆ ಸಾರ್. ಎರಡು ತಿಂಗಳಾಯ್ತು, ಅದೇ ಯೋಚನೆ.”

“ತಪ್ಪಾಯ್ತು ಅಣ್ಣ. ಮೊದಲೇ ಹೇಳಬೇಕಿತ್ತು.”

“ಅಲ್ಲ ಸಾರ್, ಈ ನಿಯಮ ನನಗೇನು ಹೊಸದಾ? ಬೆಳಿಗ್ಗೆ ಗಂಡ ಕೂತು ಹೆಂಡತಿ ಮೇಲೆ ದೂರು ಹೇಳ್ತಾನೆ. ಮಧ್ಯಾಹ್ನ ಅದೇ ಕುರ್ಚೀಲಿ ಅವಳ ತಮ್ಮ ಬಂದು ಕೂರ್ತಾನೆ. ಇವನ ಮಾತು ಅವನ ಕಿವಿಗೆ ಹಾಕಿದ್ದಿದ್ರೆ ನನ್ನ ಅಂಗಡಿ ಇಪ್ಪತ್ತೆಂಟು ದಿನ ನಡೀತಿರಲಿಲ್ಲ. ಕೂದಲ ಜೊತೆ ಮಾತನ್ನೂ ಗುಡಿಸಿ ಹಾಕಬೇಕು.”

ಗೋಪ್ಯತೆಯ ಬಗ್ಗೆ ಮೂವತ್ತು ಪುಟ ಉರು ಹೊಡೆದಿದ್ದ ಆಪ್ತಸಲಹೆಗಾರ ಆ ಸಾಲನ್ನು ಬರೆದುಕೊಳ್ಳಲು ಪೆನ್ನು ಹುಡುಕಿದ.

ಇಬ್ಬರೂ ಕೂಡಿ ಕರಾರು ಮಾಡಿದರು. ಅಂಗಡಿಯಲ್ಲಿ ಕೈ ಹೇಗಿದೆ ಎಂದು ಅವನು ಕೇಳಕೂಡದು; ಕೋಣೆಯಲ್ಲಿ ಅವನ ತಲೆಯ ಬಗ್ಗೆ ಅಣ್ಣ ಆಡಕೂಡದು. “ಅದು ನನಗೇ ಕಷ್ಟ,” ಎಂದರು ಅಣ್ಣ. ಅವನನ್ನು ಮೆಚ್ಚಿಸಲೆಂದು ಅಣ್ಣ ಕತ್ತಿ ಹಿಡಿಯಬಾರದು. ಹಿಡಿಯುವುದು ಯಾವಾಗ ಎಂಬುದು ಅವರದೇ ಮಾತು. ಸರಿಬರಲಿಲ್ಲವೆಂದರೆ ಯಾರು ಬೇಕಾದರೂ ಕರಾರು ಮುರಿಯಬಹುದು. ಎಲ್ಲವನ್ನೂ ಫೈಲಿಗೆ ಬರೆದ, ಮೇಡಂಗೂ ತಿಳಿಸಿದ.

ಭಾನುವಾರ ಬೆಳಿಗ್ಗೆ, ಬೀದಿ ತುಂಬಿರುವ ಹೊತ್ತಿನಲ್ಲಿ, ಅವನು ಹೋಗಿ ಗಾಜಿನ ಬಾಗಿಲಿಗೆ ಕಾಣುವ ಕುರ್ಚಿಯಲ್ಲೇ ಕೂತ. ಕತ್ತರಿ ಕೆಲಸ ಅರ್ಧವಾಗುವುದರೊಳಗೆ ಒಬ್ಬ ಇಣುಕಿ ಬೆಂಚಿನಲ್ಲಿ ಕೂತ. ಆಮೇಲೆ ಇನ್ನೊಬ್ಬ. ಆಮೇಲೆ, ಪೇಪರು ಮಡಚಿ ಕಂಕುಳಲ್ಲಿಟ್ಟುಕೊಂಡು, ಭಾವ.

“ಕಟಿಂಗ್ ಅಲ್ಲ ಸಾರ್, ಇದು ಕಾಡು ಕಡಿಯೋದು,” ಎಂದರು ಅಣ್ಣ. ಬೆಂಚು ನಕ್ಕಿತು.

ಕೊನೆಯಲ್ಲಿ ಅಣ್ಣ ಕನ್ನಡಿಗೆ ಕೇಳಿದರು: “ಹಿಂದುಗಡೆ ಕತ್ತಿ ಹಾಕಲಾ?”

ಆಪ್ತಸಲಹೆಗಾರನ ಫೈಲಿನಲ್ಲಿ ಭಯ ಬಿಡಿಸುವ ಏಳು ಮೆಟ್ಟಿಲುಗಳಿದ್ದವು. ಗಂಟಲಿಗೆ ಮೊದಲು ಕತ್ತಿನ ಹಿಂಭಾಗ ಎಂಬ ಮೆಟ್ಟಿಲು ಅದರಲ್ಲಿರಲಿಲ್ಲ. ಅದನ್ನು ಅಣ್ಣನೇ ಹುಡುಕಿಕೊಂಡಿದ್ದರು. “ನಿಮ್ಮಿಷ್ಟ ಅಣ್ಣ,” ಎಂದ. ಹೊಸ ಬ್ಲೇಡಿನ ಕಾಗದ ಬಿಚ್ಚಿದ ಸದ್ದಾಯಿತು. ತಣ್ಣನೆಯ ಅಂಚು ಕುತ್ತಿಗೆಯ ಹಿಂದೆ ತಾಗಿತು, ಇಳಿಯಿತು, ನಿಂತಿತು. ಕನ್ನಡಿಯಲ್ಲಿ ಅಣ್ಣನ ಕೈಯನ್ನು ನೋಡಲೇಬೇಕೆನ್ನಿಸಿ ಅವನು ಒಂದು ಕೂದಲೆಳೆಯಷ್ಟು ತಲೆ ಎತ್ತಿದ. ಚುರುಕ್ ಎಂದಿತು.

“ಅಯ್ಯೋ!” ಎಂದ ಭಾವ ಎದ್ದೇ ನಿಂತರು.

ಅಣ್ಣ ಕತ್ತಿಯನ್ನು ಬೆಳಕಿಗೆ ಹಿಡಿದರು. ತಮ್ಮ ಕೈಯನ್ನು ಒಂದು ಗಳಿಗೆ ನೋಡಿಕೊಂಡರು. ಅದು ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತ್ತು.

“ಅಲ್ಲಾಡಿದ್ದು ನೀವು ಸಾರ್,” ಎಂದರು. “ನಾನಲ್ಲ.”

ಮತ್ತೆ ತಮಗೇ ಹೇಳಿಕೊಳ್ಳುವಂತೆ ಇನ್ನೊಂದು ಸಲ: “ನಾನಲ್ಲ.”

ರಕ್ತ ನಿಲ್ಲಲೆಂದು ಗಾಯಕ್ಕೆ ಪಟಿಕದ ತುಂಡು ಒತ್ತಿದರು. ಆಪ್ತಸಲಹೆಗಾರ ಉರಿಗೆ ಹಲ್ಲು ಕಚ್ಚಿದ. ಪ್ರಶ್ನೆಗೂ ಹಲ್ಲು ಕಚ್ಚಿದ, ಕರಾರು ಕರಾರೇ. ಎದ್ದು ಬಟ್ಟೆ ಕೊಡವಿಕೊಂಡು ಬಾಗಿಲಿಗೆ ಬಂದಾಗ ಬೆಂಚಿನ ಮೊದಲನೆಯವನು ಗದ್ದ ಸವರಿಕೊಳ್ಳುತ್ತ ಕೇಳಿದ: “ಬ್ಲೇಡ್ ಬಂತಾ ಅಣ್ಣ?”

ತಿರುಗಿ ನೋಡಬೇಕೆಂಬ ಆಸೆ ಅವನ ಕತ್ತಿನಲ್ಲಿ ಗಾಯಕ್ಕಿಂತ ಜೋರಾಗಿ ಉರಿಯಿತು. ನೋಡಲಿಲ್ಲ. ಮೆಟ್ಟಿಲಿಳಿದು ಬೀದಿಗೆ ಕಾಲಿಟ್ಟ.

ಹಿಂದಿನಿಂದ, ಬೋರಲಾಗಿದ್ದ ಬಟ್ಟಲನ್ನು ನೆಟ್ಟಗಿಟ್ಟ ಸದ್ದು ಕೇಳಿಸಿತು. ಆಮೇಲೆ ಅದರಲ್ಲಿ ಬ್ರಶ್ಶು ಗರಗರ ತಿರುಗಿ ನೊರೆ ಎಬ್ಬಿಸತೊಡಗಿತು.