ಅಣ್ಣನ ಅಳತೆಯ ಸೈಕಲ್

ಅಣ್ಣ ಆ ಸೈಕಲ್ಲಿಗೆ ಕೊಟ್ಟ ಬೆಲೆಗೆ ಒಂದು ಒಳ್ಳೆಯ ಮೋಟರ್ ಸೈಕಲ್ಲೇ ಬರುತ್ತಿತ್ತು. ಕಮಲಾಪುರದಲ್ಲಿ ಒಬ್ಬರು ಕೈಯಿಂದಲೇ ಸೈಕಲ್ ಕಟ್ಟಿಕೊಡುತ್ತಾರೆಂದು ಯಾರೋ ಹೇಳಿದ್ದೇ ತಡ, ನನ್ನನ್ನೂ ಕರೆದುಕೊಂಡು ಹೊರಟ. ಆ ಮನುಷ್ಯ ದರ್ಜಿಯ ಹಾಗೆ ಅವನ ತೊಡೆ, ತೋಳು, ಬೆನ್ನು ಅಳೆದ. ಹಳೆಯದೊಂದು ಸೈಕಲ್ ಕೊಟ್ಟು ಓಡಿಸಲು ಹೇಳಿ, ಹಿಂದಿನಿಂದ ನೋಡುತ್ತ ನಿಂತ. ಅಣ್ಣನ ಬಲಭುಜ ಚಿಕ್ಕಂದಿನಲ್ಲಿ ಮುರಿದು ಕೂಡಿದ್ದರಿಂದ ತುಸು ಇಳಿಬಿದ್ದಿತ್ತು; ಬೇರೆ ಸೈಕಲ್ ಓಡಿಸಿದರೆ ನೋಯುತ್ತಿತ್ತು.

"ಇಷ್ಟ್ಯಾಕ ರೊಕ್ಕ?" ಎಂದು ಕೇಳಿದೆ.

"ಅಂಗಡ್ಯಾಗಿನ ಸೈಕಲ್ ಮ್ಯಾಲ ಯಾರು ಬೇಕಾದ್ರೂ ಕೂಡಬಹುದ್ರೀ ಅಕ್ಕಾರ. ಇದು ಇವರೊಬ್ಬರದೇ."

ಭುಜದ ನೋವಿನ ಮಾತೇ ಎತ್ತದೆ ಅಣ್ಣ ಅದನ್ನು ಎರಡು ಬೇಸಿಗೆ ಓಡಿಸಿದ. ಆಮೇಲೆ ಜ್ವರವೆಂದು ಮಲಗಿದವನು ಏಳಲಿಲ್ಲ.

ಒಂದಷ್ಟು ಕಾಲ ಬಿಟ್ಟು ಸೈಕಲ್ ಮಾರಲು ನಿರ್ಧರಿಸಿದೆ. ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಗೆ ಕೊಳ್ಳಲು ಬಂದವರೆಲ್ಲ ಒಂದು ಸುತ್ತು ಹೊಡೆದು ಇಳಿದರು. "ಯಾರೋ ಮದ್ಲೇ ಕುಂತಂಗ ಆಗ್ತದ್ರೀ," ಎಂದ ಒಬ್ಬರು ಚಹಾ ಕೂಡ ಕುಡಿಯದೆ ಹೋದರು.

ಒಂದು ರವಿವಾರ ಬೆಳಿಗ್ಗೆ, ಸ್ಟೇಶನ್ ಬಜಾರದಲ್ಲಿ ಲಾಡ್ಜ್ ನೋಡಿಕೊಳ್ಳುವವನೊಬ್ಬ ಬಂದ. ಎತ್ತರದ, ಕೋಲಿನಂತೆ ನೆಟ್ಟಗಿದ್ದ ಆಳು. ಸೈಕಲ್ ಹತ್ತಿ ಗೇಟು ದಾಟಿದವನ ಬಲಭುಜ ಮೆಲ್ಲಗೆ ಇಳಿಯಿತು. ಕತ್ತು ಎಡಕ್ಕೆ ವಾಲಿತು. ತಿರುವಿನಲ್ಲಿ ಮೊಣಕಾಲನ್ನು ಹೊರಗೆ ಚಾಚಿದ್ದೂ ಅಣ್ಣನ ಹಾಗೆಯೇ.

ಒಳಗಿನಿಂದ ಬಂದ ಅವ್ವ ಬಾಗಿಲಲ್ಲೇ ನಿಂತು, "ಎಲ್ಲಿಗಿ ಹೊಂಟಾನ ಮತ್ತ? ನಾಷ್ಟಾನೇ ಮಾಡಿಲ್ಲ," ಎಂದಳು. ಅಂದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವನು ಮರಳಿ ಬಂದು ಇಳಿದ. ನಮ್ಮತ್ತ ನಡೆದು ಬರುವಾಗಲೂ ಭುಜ ಇಳಿದೇ ಇತ್ತು. ಮೆಟ್ಟಿಲ ಬಳಿ ಬಂದ ಮೇಲೆ ನೆಟ್ಟಗಾಯಿತು. ಅವನಿಗೆ ಅದರ ಅರಿವೇ ಇದ್ದಂತಿರಲಿಲ್ಲ.

"ಎಷ್ಟ್ ಹೇಳ್ತೀರಿ ಹೇಳ್ರಿ, ಕೊಡ್ತೀನಿ. ಈ ಓಣಿ ನಂಗ ಗೊತ್ತಿಲ್ರಿ. ಸೈಕಲ್ಲೇ ಹಾದಿ ಹಿಡದು ಮನಿಗಿ ಬಂತು."

ಕೊಡುವುದಿಲ್ಲ ಎನ್ನಲು ಬಾಯಿ ತೆರೆದೆ. ಅವ್ವ ನನ್ನ ಕೈ ಹಿಡಿದಳು. "ಕೊಡು. ಆದ್ರ ದಿನಾ ಈ ಹಾದೀಲೇ ಹೋಗ್ಲಿ."

ಅವನು ಆ ಮಾತು ಉಳಿಸಿಕೊಂಡಿದ್ದಾನೆ. ಮುಂಜಾನೆ ಗಾಲಿಯ ಸದ್ದು ಕೇಳಿದರೆ ಅವ್ವ ಗೇಟಿಗೆ ಓಡುತ್ತಾಳೆ, ಆ ಬೆನ್ನು ಮರೆಯಾಗುವವರೆಗೂ ನೋಡುತ್ತ ನಿಲ್ಲುತ್ತಾಳೆ. ನಾನು ಒಳಗೇ ಇರುತ್ತೇನೆ.

ಮೊನ್ನೆ ಖುಷಿಯಿಂದ ಒಳಗೆ ಬಂದು, "ಇವತ್ತ ತಿರುಗಿ ನೋಡಿ ನಕ್ಕ," ಎಂದಳು.

ಯಾರು ಎಂದು ನಾನು ಕೇಳಲಿಲ್ಲ.